ಉಗ್ರಾಣದಲ್ಲಿ ಯಾರಿದ್ದಾರೆ?

ದಾಖಲೆ ಸಂಗ್ರಹ ಅಂದರೆ ಸುಮ್ನೆ ಹಳೆಯ ಕಾಗದ ಕೂಡಿಟ್ಟ ಜಾಗ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಯಾವುದನ್ನು ಇಡಬೇಕು, ಯಾವುದರ ಪಕ್ಕ ಇಡಬೇಕು, ಲೇಬಲ್ ಮೇಲೆ ಏನು ಬರೆಯಬೇಕು ಅಂತ ಯಾರೋ ತೀರ್ಮಾನ ಮಾಡಿರುತ್ತಾರೆ. ಅಧಿಕಾರ ಇರುವುದು ಅಲ್ಲೇ.

ಇದನ್ನು ಫ್ರೆಡ್ ವಿಲ್ಸನ್‌ರಷ್ಟು ಚೆನ್ನಾಗಿ ತೋರಿಸಿದ ಕಲಾವಿದರು ನನಗೆ ಸಿಕ್ಕಿಲ್ಲ. 1992ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿ ಎಂಬ ಸಂಗ್ರಹಾಲಯದ ಉಗ್ರಾಣದಲ್ಲಿದ್ದ ವಸ್ತುಗಳನ್ನೇ ಅವರು ಹೊಸದಾಗಿ ಜೋಡಿಸಿದರು. ಒಂದು ಗಾಜಿನ ಪೆಟ್ಟಿಗೆಯಲ್ಲಿ ಕುಸುರಿ ಕೆಲಸದ ಬೆಳ್ಳಿ ಹೂಜಿ, ಲೋಟಗಳು. ಅವುಗಳ ನಡುವೆ ಗುಲಾಮರಿಗೆ ಹಾಕುತ್ತಿದ್ದ ಕಬ್ಬಿಣದ ಕೋಳ. ಲೇಬಲ್ ಮೇಲೆ ಇಷ್ಟೇ: 'ಲೋಹದ ಕೆಲಸ, 1793–1880'. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆ ಬೆಳ್ಳಿಯ ಹಿಂದೆ ಯಾರ ದುಡಿಮೆ ಇತ್ತು ಅಂತ ಮಾತ್ರ ಆವತ್ತಿನವರೆಗೆ ಆ ಕಪಾಟು ಹೇಳಿರಲಿಲ್ಲ, ಅಲ್ವಾ? ಇನ್ನೊಂದು ಕಡೆ ಮೂರು ಖಾಲಿ ಪೀಠಗಳು. ಹೆಸರುಗಳು ಹ್ಯಾರಿಯೆಟ್ ಟಬ್ಮನ್, ಫ್ರೆಡರಿಕ್ ಡಗ್ಲಸ್, ಬೆಂಜಮಿನ್ ಬ್ಯಾನೆಕರ್. ಮೂವರೂ ಮೇರಿಲ್ಯಾಂಡ್‌ನಲ್ಲೇ ಹುಟ್ಟಿದ ಹೆಸರಾಂತ ಕಪ್ಪು ಜನಾಂಗದವರು. ಪಕ್ಕದಲ್ಲಿ ನೆಪೋಲಿಯನ್ನನ ಪ್ರತಿಮೆ!

ಇನ್ನೊಬ್ಬ ಅಮೆರಿಕನ್ ಕಲಾವಿದೆ ಕ್ಯಾರಿ ಮೇ ವೀಮ್ಸ್ ಹಿಡಿದ ದಾರಿ ಇನ್ನೂ ಕಷ್ಟದ್ದು. 1850ರಲ್ಲಿ ಲೂಯಿ ಅಗಾಸಿಜ್ ಎಂಬ ವಿಜ್ಞಾನಿಗಾಗಿ ಗುಲಾಮರ ಬಟ್ಟೆ ಬಿಚ್ಚಿಸಿ ತೆಗೆದ ಫೋಟೋಗಳಿವೆ. ವೀಮ್ಸ್ ಅವನ್ನು ದೊಡ್ಡದು ಮಾಡಿ, ಕೆಂಪು ಬಣ್ಣ ಕೊಟ್ಟು, ಮೇಲಿನ ಗಾಜಿನಲ್ಲಿ ಮಾತು ಕೆತ್ತಿಸಿದರು. ಆ ಮಾತುಗಳನ್ನು ಓದದೆ ಮುಖ ನೋಡಲು ಆಗುವುದಿಲ್ಲ. ಆದರೂ ಅವಮಾನದ ಆ ಫೋಟೋವನ್ನು ಮತ್ತೆ ತೋರಿಸುವುದು ಸರಿಯೇ? ನನಗಿನ್ನೂ ಒಂದು ಮನಸ್ಸಿಲ್ಲ.

ಈಗ ನಾನು ಕೆಲಸ ಮಾಡುತ್ತಿರುವುದು ಒಂದು ಹಳೆಯ ಗುಂಪು ಫೋಟೋ ಇಟ್ಟುಕೊಂಡು. ಕೂತ ಇಬ್ಬರಿಗೆ ಹೆಸರು, ಹುದ್ದೆ ಎಲ್ಲ ಇದೆ. ನಿಂತ ಮೂವರು ಬರೀ 'ಸೇವಕರು'. ಕೊಡೆ ಹಿಡಿದವನ ಅರ್ಧ ಭುಜ ಚೌಕಟ್ಟಿನಾಚೆ ಹೋಗಿದೆ. ಆ ಮೂವರನ್ನಷ್ಟೇ ಆಳೆತ್ತರಕ್ಕೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೇನೆ. ಹೆಸರು ಕಟ್ಟಿ ಇಡು ಅಂತ ಗೆಳತಿ ಹೇಳಿದಳು. ಬೇಡ ಅಂದೆ. ಅವರಿಗೆ ಅವರದ್ದೇ ಹೆಸರಿತ್ತು. ಕಾಣದ ಭುಜವನ್ನೂ ಊಹಿಸಿ ಬರೆಯುವುದಿಲ್ಲ. ಚೌಕಟ್ಟು ಎಲ್ಲಿ ಕತ್ತರಿಸಿತೋ ಅಲ್ಲೇ ಗೆರೆ ನಿಲ್ಲಿಸಿದ್ದೇನೆ.