ಕಟ್ಟುವಂತಿಲ್ಲದ ತೋರಣ

ದೀಪಾವಳಿಯ ಮರುವಾರ ಸಾಗರದ ಹತ್ತಿರದ ನಮ್ಮ ಮನೆಗೆ ಫೋನ್ ಮಾಡಿದಾಗ ಅಮ್ಮ ಗೋಪೂಜೆಯ ವಿವರಗಳನ್ನೆಲ್ಲ ಒಂದೊಂದಾಗಿ ಹೇಳಿದಳು. ಕೊಟ್ಟಿಗೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದು, ದನಗಳ ಕೊರಳಿಗೆ ಅಡಿಕೆಯ ಸರ ಮತ್ತು ಚೆಂಡುಹೂವಿನ ಮಾಲೆ ಕಟ್ಟಿದ್ದು, ಕರುವೊಂದು ಪಕ್ಕದ ಹಸುವಿನ ಮಾಲೆಯನ್ನು ತಿಂದುಹಾಕಿದ್ದು, ಎಲ್ಲವೂ ಬಂತು. ಕೊನೆಗೆ, "ನಿಮ್ಮ ಆಸ್ಪತ್ರೇಲಿ ಕ್ರಿಸ್‌ಮಸ್ಸಿಗೆ ಎಂಥ ಕಟ್ತೀರೇ?" ಎಂದು ಕೇಳಿದಳು. "ಏನೂ ಕಟ್ಟೋ ಹಾಗಿಲ್ಲ ಅಮ್ಮ, ಅಂಟಿಸಬೇಕು" ಎಂದೆ. "ದಾರ ಇಲ್ದೆ ಅದೆಂಥ ಹಬ್ಬ ಮಾರಾಯ್ತಿ!" ಎಂದು ನಕ್ಕಳು. ಅವಳ ನಗುವಿಗೆ ಫೋನಿನಲ್ಲಿ ಸರಿಯಾದ ಉತ್ತರ ಕೊಡಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಉತ್ತರ ಇಂಗ್ಲೆಂಡಿನ ಒಂದು ಮಾನಸಿಕ ಚಿಕಿತ್ಸಾ ವಾರ್ಡಿನಲ್ಲಿ ನರ್ಸ್. ಇಲ್ಲಿ ದಾಖಲಾಗಿರುವವರಲ್ಲಿ ಕೆಲವರು ತಾವಾಗಿಯೇ ಬಂದವರು. ಉಳಿದವರು 1983ರ ಮಾನಸಿಕ ಆರೋಗ್ಯ ಕಾಯಿದೆಯಡಿ ಇರಿಸಲ್ಪಟ್ಟವರು. ಅವರನ್ನು ನಾವು "ಸೆಕ್ಷನ್ ಆದವರು" ಎನ್ನುತ್ತೇವೆ. ಎರಡನೆಯ ಸೆಕ್ಷನ್ ಆದರೆ ತಪಾಸಣೆಗೆಂದು 28 ದಿನ, ಮೂರನೆಯದಾದರೆ ಚಿಕಿತ್ಸೆಗೆಂದು ಮೊದಲಿಗೆ ಆರು ತಿಂಗಳವರೆಗೆ ಇರಿಸಿಕೊಳ್ಳಬಹುದು. ಹಾಗಾಗಿ ನವೆಂಬರಿನ ಕೊನೆಯಲ್ಲಿ ಬಂದವರಿಗೆ ಕ್ರಿಸ್‌ಮಸ್ ವಾರ್ಡಿನಲ್ಲಿಯೇ ಆಗುವ ಸಾಧ್ಯತೆ ಹೆಚ್ಚು. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಊರಿನಲ್ಲಿ ಅಡಿಕೆ ಕೊನೆ ಇಳಿಸುವವರು ಮಧ್ಯಾಹ್ನದ ಚಹಾಕ್ಕೆಂದು ಮರದಿಂದ ಇಳಿಯುವ ಹೊತ್ತಿಗೆ ನಮ್ಮ ಕಿಟಕಿಗಳು ಕಪ್ಪಾಗಿರುತ್ತವೆ. ಬಣ್ಣ ಮತ್ತು ಬೆಳಕು ಇಲ್ಲಿ ಬರಿಯ ಸಂಭ್ರಮಕ್ಕಲ್ಲ ಎಂಬುದು ಮೊದಲ ಚಳಿಗಾಲದಲ್ಲಿಯೇ ನನಗೆ ಅರ್ಥವಾಯಿತು.

ಆದರೆ ಕಟ್ಟಡವೇ ಕಟ್ಟುವುದಕ್ಕೆ ವಿರುದ್ಧವಾಗಿ ನಿಂತಿದೆ. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯಲ್ಲಿರುವವರು ಇರುವ ಜಾಗವಾದ್ದರಿಂದ, ದಾರವಾಗಲಿ ಬಟ್ಟೆಯಾಗಲಿ ಸಿಕ್ಕಿಕೊಳ್ಳಬಹುದಾದ ಒಂದು ಮೊಳೆಯೂ ಕೊಕ್ಕೆಯೂ ಇರದಂತೆ ಅದನ್ನು ರೂಪಿಸಿದ್ದಾರೆ. ಬಾಗಿಲಿನ ಹಿಡಿಗಳು ಇಳಿಜಾರಾಗಿವೆ, ಕನ್ನಡಿ ಗಾಜಿನದಲ್ಲ, ಪರದೆಯ ಕಂಬಿ ಪರದೆಯ ಭಾರವನ್ನಷ್ಟೇ ತಡೆದು, ಮನುಷ್ಯನ ಭಾರ ಬಿದ್ದರೆ ಕಳಚಿಕೊಂಡು ಬೀಳುತ್ತದೆ. ಹಾಗೆ ಕಳಚುವ ಕಂಬಿಯನ್ನು ಅಳವಡಿಸದೆ ಹೋಗುವುದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ "ಎಂದೂ ಆಗಕೂಡದ ಘಟನೆ"ಗಳ ಪಟ್ಟಿಯಲ್ಲಿ ಸೇರಿದೆ. ಇಷ್ಟೆಲ್ಲ ಎಚ್ಚರದಿಂದ ಬರಿದು ಮಾಡಿದ ಸೂರಿನಿಂದ ಡಿಸೆಂಬರ್ ಬಂತೆಂದು ನಾವೇ ಹೊಳೆಯುವ ಜರಿಮಾಲೆಗಳನ್ನು ಇಳಿಬಿಟ್ಟರೆ ಏನರ್ಥ? ಆದ್ದರಿಂದ ಜರಿಮಾಲೆ ಇಲ್ಲ, ವಿದ್ಯುತ್ ದೀಪದ ಸರ ಇಲ್ಲ, ಗಾಜಿನ ಗೋಳ ಇಲ್ಲ, ಮೇಣದಬತ್ತಿ ಇಲ್ಲ. ಉಡುಗೊರೆ ಬಂದರೆ ಸಿಬ್ಬಂದಿಯ ಎದುರೇ ಬಿಚ್ಚಬೇಕು. ಅದರ ರಿಬ್ಬನ್ನೂ ಪ್ಲಾಸ್ಟಿಕ್ ಚೀಲವೂ ನಮ್ಮ ಕೈಗೆ ಬರಬೇಕು. ಗುಂಡಿಯಾಕಾರದ ಪುಟ್ಟ ಬ್ಯಾಟರಿಗಳ ಬಗ್ಗೆ ವಿಶೇಷ ಭಯವಿದೆ, ಏಕೆಂದರೆ ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಹಾಡುವ ಶುಭಾಶಯ ಪತ್ರದೊಳಗೆ ಇರುವುದೂ ಅಂಥದೇ ಬ್ಯಾಟರಿ ಎಂದು ನನಗೆ ಹೊಳೆದದ್ದು ಕೆಲಸಕ್ಕೆ ಸೇರಿ ಎರಡು ವರ್ಷಗಳಾದ ಮೇಲೆ.

ಕ್ರಿಸ್‌ಮಸ್ ಕ್ರ್ಯಾಕರ್‌ನ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ನಮ್ಮ ಪಟಾಕಿಯಂತಲ್ಲದ ಈ ವಸ್ತು, 1840ರ ದಶಕದಲ್ಲಿ ಟಾಮ್ ಸ್ಮಿತ್ ಎಂಬ ಲಂಡನ್ನಿನ ಮಿಠಾಯಿ ವ್ಯಾಪಾರಿಯ ತಲೆಯಲ್ಲಿ ಹುಟ್ಟಿದ್ದು. ಬಣ್ಣದ ಕಾಗದದ ಕೊಳವೆಯ ಎರಡು ತುದಿಗಳನ್ನು ಇಬ್ಬರು ಹಿಡಿದು ಎಳೆದಾಗ ಒಳಗಿನ ಪಟ್ಟಿ ಚಿಟಿಲ್ ಎಂದು ಸಿಡಿಯುತ್ತದೆ; ಒಂದು ಕಾಗದದ ಕಿರೀಟ, ಒಂದು ಸಪ್ಪೆ ನಗೆಹನಿ, ಒಂದು ಪುಟ್ಟ ಸಾಮಾನು ಹೊರಬೀಳುತ್ತವೆ. ಆ ಪುಟ್ಟ ಸಾಮಾನು ಉಗುರು ಕತ್ತರಿಸುವ ಸಾಧನವೋ, ಕಿರುಬೆರಳಿನಷ್ಟುದ್ದದ ಸ್ಕ್ರೂಡ್ರೈವರೋ, ಸೂಜಿ-ದಾರದ ಪೊಟ್ಟಣವೋ ಆಗಿರುವುದೇ ಹೆಚ್ಚು. ನಮ್ಮ ವಾರ್ಡಿನಿಂದ ವರ್ಷವಿಡೀ ಹೊರಗಿಡುವ ವಸ್ತುಗಳ ಪಟ್ಟಿಯನ್ನು ನೋಡಿಕೊಂಡೇ ಯಾರೋ ತುಂಬಿಸಿದಂತಿರುತ್ತದೆ. ಅದಲ್ಲದೆ ಯುದ್ಧದಿಂದ ಬಂದವರಿಗೆ, ಮನೆಯಲ್ಲಿ ಹೊಡೆತ ತಿಂದು ಬಂದವರಿಗೆ, ಬೆನ್ನ ಹಿಂದೆ ಸಿಡಿಯುವ ಸದ್ದು ಹಬ್ಬದ ಸದ್ದಾಗಿ ಕೇಳಿಸುವುದಿಲ್ಲ. ಹಾಗಾಗಿ ರಾತ್ರಿ ಪಾಳಿಯವರು ಕುಳಿತು ಕ್ರ್ಯಾಕರ್‌ಗಳನ್ನು ಬಿಚ್ಚಿ, ಸಿಡಿಯುವ ಪಟ್ಟಿಯನ್ನೂ ಸಾಮಾನನ್ನೂ ತೆಗೆದು, ಕಿರೀಟ ಮತ್ತು ನಗೆಹನಿಗಳನ್ನು ಮಾತ್ರ ಮತ್ತೆ ಸುತ್ತಿಡುತ್ತಾರೆ. ಮರುದಿನ ಎಳೆದಾಗ ಸದ್ದಾಗದಿದ್ದರೆ ರೋಗಿಗಳೇ ಬಾಯಲ್ಲಿ "ಢಂ" ಎನ್ನುತ್ತಾರೆ. ಅಸಲಿ ಸದ್ದಿಗಿಂತ ಅದೇ ಹೆಚ್ಚು ನಗು ತರಿಸುತ್ತದೆ.

ದೇಹಕ್ಕೆ ಅಪಾಯವಿಲ್ಲದ ಅಲಂಕಾರವೂ ಮನಸ್ಸಿಗೆ ಅಪಾಯವಾಗಬಹುದು ಎಂಬುದನ್ನು ಯಾವ ಪಟ್ಟಿಯೂ ನನಗೆ ಕಲಿಸಲಿಲ್ಲ. ಒಂದು ವರ್ಷ ಊಟದ ಕೋಣೆಯ ಗೋಡೆಗೆ ದೊಡ್ಡ ಸಾಂಟಾ ಚಿತ್ರವನ್ನು ಅಂಟಿಸಿದ್ದೆವು. ತನ್ನನ್ನು ಯಾರೋ ಸದಾ ಗಮನಿಸುತ್ತಿದ್ದಾರೆ ಎಂಬ ಭ್ರಮೆಯಲ್ಲಿದ್ದ ಒಬ್ಬರು ಎರಡು ದಿನ ಊಟಕ್ಕೇ ಬರಲಿಲ್ಲ. (ಗುರುತು ಸಿಗದಂತೆ ಇಲ್ಲಿನ ವಿವರಗಳನ್ನು ಬದಲಿಸಿದ್ದೇನೆ.) ವಿಚಾರಿಸಿ ನೋಡಿದರೆ, ಮಕ್ಕಳ ನಡತೆಯನ್ನು ವರ್ಷವಿಡೀ ನೋಡಿ ಪಟ್ಟಿ ಬರೆದಿಡುವ ಮುದುಕನ ಕಥೆ ಅವರಿಗೆ ಕಥೆಯಾಗಿ ಉಳಿದಿರಲಿಲ್ಲ. ಆ ಚಿತ್ರವನ್ನು ಕಿತ್ತಿದ ಸಂಜೆ ಅವರು ತಟ್ಟೆ ಹಿಡಿದು ಬಂದರು. ಮದ್ಯ ಬಿಡಲು ಹೆಣಗುತ್ತಿರುವವರ ಎದುರು ವೈನ್ ಲೋಟದ ಚಿತ್ರ, ಊಟ-ತಿಂಡಿಗೆ ಸಂಬಂಧಿಸಿದ ಮನೋರೋಗ ಇರುವವರ ಎದುರು ಚಾಕೊಲೇಟಿನ ರಾಶಿ, ನಿದ್ದೆಗೆಟ್ಟು ಉನ್ಮಾದದಲ್ಲಿರುವವರ ಎದುರು ಮಿನುಗುವ ಬೆಳಕು, ಮರೆವಿನ ಕಾಯಿಲೆಯ ವೃದ್ಧರ ಕೈಗೆಟುಕುವಂತೆ ನಿಜದಂತೆ ಕಾಣುವ ಪ್ಲಾಸ್ಟಿಕ್ ಹಣ್ಣು, ಇವೆಲ್ಲ ಅದೇ ಜಾತಿಯವು.

ಹಾಗಾದರೆ ಗೋಡೆಯನ್ನು ಬರಿದಾಗಿಯೇ ಬಿಡಬಹುದಲ್ಲ ಎಂದು ವಾದಿಸುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಹೊರಗೆ ಇಡೀ ಊರು ಮಿನುಗುತ್ತಿರುವಾಗ ಒಳಗೆ ಬೋಳು ಗೋಡೆಯನ್ನು ನೋಡುತ್ತ ಕುಳಿತವರಿಗೆ ಸುರಕ್ಷತೆಗಿಂತ ಮೊದಲು ತಿಳಿಯುವುದು ತಾವು ಲೆಕ್ಕದಿಂದ ಹೊರಗಿದ್ದೇವೆ ಎಂಬುದೇ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ: ದಾಖಲಾದ ರೋಗಿಗೆ ಸುರಕ್ಷಿತ ಪರಿಸರದ ಹಕ್ಕಿನ ಜೊತೆಗೇ ಮನರಂಜನೆ ಮತ್ತು ಧಾರ್ಮಿಕ ಆಚರಣೆಗಳ ಸೌಲಭ್ಯದ ಹಕ್ಕೂ ಇದೆ. ದಶಕಗಳ ಕಾಲ ಡಾ. ಅಶೋಕ್ ಪೈಯವರಂಥ ಮನೋವೈದ್ಯರು ದುಡಿದ ಶಿವಮೊಗ್ಗದಲ್ಲಿ ಬೆಳೆದ ನನಗೆ ಈ ಎರಡೂ ಹಕ್ಕುಗಳು ಒಂದೇ ಸಾಲಿನಲ್ಲಿ ಬಂದದ್ದು ವಿಚಿತ್ರವೆನಿಸಲಿಲ್ಲ. ಕ್ರಿಸ್‌ಮಸ್ ದಿನಗಳಲ್ಲಿ ಆತ್ಮಹತ್ಯೆಗಳು ಹೆಚ್ಚುತ್ತವೆ ಎಂಬ ಜನಜನಿತ ನಂಬಿಕೆಯನ್ನು ಅಂಕಿಅಂಶಗಳು ಬೆಂಬಲಿಸುವುದಿಲ್ಲ. ಏರಿಕೆ ಕಾಣುವುದು ಹೊಸ ವರ್ಷದ ಮೊದಲ ದಿನ. ಆದ್ದರಿಂದ ನಮ್ಮಲ್ಲಿ ಡಿಸೆಂಬರ್ 26ಕ್ಕೇ ಕೈತೊಳೆದುಕೊಳ್ಳುವುದಿಲ್ಲ.

ಕಳೆದ ವರ್ಷ ಅಲಂಕಾರದ ಸಭೆಯಲ್ಲಿ, ದಾರವೂ ಬೇಡ, ಮೊಳೆಯೂ ಬೇಡ, ಹೊಳಪೂ ಬೇಡ ಎಂದಾದ ಮೇಲೆ ನನಗೆ ನೆನಪಾದದ್ದು ನಮ್ಮ ಪಕ್ಕದ ಮನೆಯ ಅಜ್ಜಿ. ನಮ್ಮ ಕಡೆಯ ದೀವರ ಸಮುದಾಯದ ಹೆಂಗಸರು ಮದುವೆಯಲ್ಲಿ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು, ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲಿನ ಚಿತ್ತಾರವನ್ನು, ಆಕೆ ಪುಂಡಿನಾರಿನ ಕುಂಚದಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಎಳೆಯುತ್ತಿದ್ದುದನ್ನು ನಾನು ಚಿಕ್ಕವಳಿದ್ದಾಗ ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಮುಟ್ಟಲು ಹೋದರೆ ಕೈಮೇಲೆ ಏಟು ಬೀಳುತ್ತಿತ್ತು. ಗೆರೆಗೂ ನಾವು "ಎಳೆ" ಎಂದೇ ಹೇಳುತ್ತೇವಲ್ಲ. ನಮ್ಮ ವಾರ್ಡಿನೊಳಗೆ ಬಿಡಬಹುದಾದ ಎಳೆ ಅದೊಂದೇ. ಕೆಂಪು ಕಾಗದದ ದೊಡ್ಡ ಹಾಳೆ, ಬಿಳಿ ಬಣ್ಣ, ಕಾಗದದ ಕಡ್ಡಿಯ ಹತ್ತಿತುದಿ, ಇಷ್ಟನ್ನು ಚಟುವಟಿಕೆ ಕೋಣೆಯ ಮೇಜಿನ ಮೇಲೆ ಇಟ್ಟು, ನನಗೆ ನೆನಪಿದ್ದ ಏಣಿಯ ಗೆರೆಗಳನ್ನು ಮೂಲೆಯಲ್ಲಿ ಬರೆದು ತೋರಿಸಿದೆ. ಆ ಅಜ್ಜಿ ನೋಡಿದ್ದರೆ ಖಂಡಿತ ಮತ್ತೆ ಏಟು ಕೊಡುತ್ತಿದ್ದರು. ಮೂರು ವಾರಗಳಿಂದ ಯಾರೊಂದಿಗೂ ಮಾತಾಡದ ಒಬ್ಬ ಮಧ್ಯವಯಸ್ಕರು ಮೊದಲ ದಿನ ಸುಮ್ಮನೆ ನೋಡಿದರು, ಎರಡನೆಯ ದಿನ ಕುರ್ಚಿ ಎಳೆದುಕೊಂಡರು, ಮೂರನೆಯ ದಿನ ನನ್ನ ಗೆರೆ ಸೊಟ್ಟಗಿದೆ ಎಂದರು. ವೃತ್ತಿಯಿಂದ ಅವರು ಗೋಡೆಗೆ ಟೈಲ್ಸ್ ಕೂರಿಸುವವರು. ಅಲ್ಲಿಂದ ಮುಂದೆ ಅಳತೆಯ ಹೊಣೆ ಅವರದಾಯಿತು.

ಕ್ರಿಸ್‌ಮಸ್ ಹಿಂದಿನ ದಿನ ವೈದ್ಯರು ಸಹಿ ಮಾಡಿದ ರಜೆಯ ಮೇಲೆ ಹಲವರು ಮನೆಗೆ ಹೋದರು. ಉಳಿದವರು ಏಳು ಮಂದಿ. ಸಂಜೆ ಚರ್ಚಿನ ಹಾಡುಗಾರರು ಮೇಣದಬತ್ತಿಯ ಬದಲು ಸ್ಕ್ರೂ ಹಾಕಿ ಮುಚ್ಚಿದ ಬ್ಯಾಟರಿ ದೀಪಗಳನ್ನು ಹಿಡಿದು ಬಂದರು. ಒಳಗೆ ಬಂದ ದೀಪಗಳನ್ನು ನಾನು ಎಣಿಸಿ ಬರೆದುಕೊಂಡೆ. ಹೊರಗೆ ಹೋಗುವಾಗ ಮತ್ತೆ ಎಣಿಸಿದೆ. ಹಾಡು ಅರ್ಥವಾಗದಿದ್ದರೂ, ದೀಪಾವಳಿಯ ರಾತ್ರಿ ನಾಯಿಗಳನ್ನೆಲ್ಲ ಬೊಗಳಿಸುತ್ತ ಹಾಡುತ್ತ ಅಂಗಳಕ್ಕೆ ಬರುತ್ತಿದ್ದ ಅಂಟಿಗೆ-ಪಿಂಟಿಗೆ ತಂಡದವರ ದೀಪ ನೆನಪಾಗಿ ನನ್ನ ಎಣಿಕೆ ಒಮ್ಮೆ ತಪ್ಪಿತು.

ಜನವರಿ 5ರ ರಾತ್ರಿಗೆ ಅಲಂಕಾರ ತೆಗೆಯುವುದು ಇಲ್ಲಿನ ಪದ್ಧತಿ. ಆಮೇಲೂ ಉಳಿದರೆ ಅಪಶಕುನ ಎನ್ನುತ್ತಾರೆ. ನಮಗೆ ಅದಕ್ಕಿಂತ ದೊಡ್ಡ ಕಾರಣ ಲೆಕ್ಕ: ಅಂಟಿಸಿದ್ದೆಲ್ಲ ಪಟ್ಟಿಯಲ್ಲಿರುತ್ತದೆ, ಒಂದೊಂದಕ್ಕೂ ಗುರುತು ಹಾಕಿ ತೆಗೆಯಬೇಕು. ಕೆಂಪು ಹಾಳೆಯ ಹತ್ತಿರ ಬಂದಾಗ ಆ ಟೈಲ್ಸ್ ಕೆಲಸದವರು, "ಅದು ಕ್ರಿಸ್‌ಮಸ್ಸಿನದಲ್ಲವಲ್ಲ" ಎಂದರು. ಪಟ್ಟಿಯನ್ನು ನೋಡಿದರೆ, ಅದನ್ನು ಬರೆಯಲು ನಾನೇ ಮರೆತಿದ್ದೆ. ವಾರ್ಡಿನ ಮುಖ್ಯಸ್ಥೆ ಹಾಳೆಯ ನಾಲ್ಕು ಅಂಚುಗಳನ್ನು ಬೆರಳಿನಿಂದ ಒತ್ತಿ ನೋಡಿ, ಎಲ್ಲೂ ಸಡಿಲವಿಲ್ಲವೆಂದು ಖಚಿತಪಡಿಸಿಕೊಂಡು, ಇರಲಿ ಎಂದರು. ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ಅವಳು ಅದನ್ನು ಪಕ್ಕದ ಮನೆಗೆ ತೋರಿಸಲು ಒಯ್ದಳಂತೆ. ಅಜ್ಜಿ ಈಗಿಲ್ಲ, ಸೊಸೆ ನೋಡಿ, ಅಳತೆ ಸರಿಯಿದೆ, ಮೂಲೆಯ ಏಣಿಯೊಂದು ಮಾತ್ರ ಸೊಟ್ಟ ಎಂದರಂತೆ.