"ಔಷಧಿ ಹೊಡೀತೀರಾ?" ಅಂತ ಕೇಳಿದವರಿಗೆ

ತೋಟಕ್ಕೆ ಬಂದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ಇದಕ್ಕೆ ಔಷಧಿ ಹೊಡೀತೀರಾ?" ಕೆಲವರು ಬಂದ ಕೂಡಲೇ ಕೇಳುತ್ತಾರೆ. ಕೆಲವರು ಗಿಡ ನೋಡಿ, ಹಣ್ಣು ನೋಡಿ, ಅದೂ ಇದೂ ಮಾತಾಡಿ, ಹೊರಡುವ ಹೊತ್ತಿಗೆ ಸಂಕೋಚದಿಂದ ಕೇಳುತ್ತಾರೆ. "ಹೂಂ, ಹೊಡೀತೀನಿ" ಅನ್ನುತ್ತೇನೆ. ಆಮೇಲೆ ಸ್ವಲ್ಪ ಹೊತ್ತು ಯಾರಿಗೂ ಮಾತೇ ಹೊರಡುವುದಿಲ್ಲ.

ಈ ಗಳಿಗೆಗೆ ಹೆದರಿಯೇ ಎಷ್ಟೋ ರೈತರು ಮಾತು ತಪ್ಪಿಸುತ್ತಾರೆ. "ಜಾಸ್ತಿ ಏನಿಲ್ಲ, ಒಂಚೂರು" ಅಂದು ಬೇರೆ ಕಡೆ ಕರೆದುಕೊಂಡು ಹೋಗುತ್ತಾರೆ. ಇನ್ನು ಕೆಲವರು "ನಾವು ಹೊಡೆಯದಿದ್ರೆ ನೀವೇನು ತಿಂತೀರಿ?" ಅಂತ ಮೇಲೆ ಬೀಳುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಮನೆಯಲ್ಲಿ ಮಗುವಿಗೆ ಆ ಹಣ್ಣು ಕೊಡಬೇಕು, ಅದಕ್ಕೇ ಕೇಳಿದ್ದಾರೆ. ಕೇಳುವ ಹಕ್ಕು ಅವರಿಗಿದೆ. ಯಾಕೆ ಹೊಡೆದೆ, ಯಾವಾಗ ಹೊಡೆದೆ, ಆಮೇಲೆ ಏನು ಮಾಡಿದೆ ಅಂತ ಬಿಡಿಸಿ ಹೇಳುವುದು ನನ್ನ ಕೆಲಸ.

"ಯಾಕೆ" ಅನ್ನುವುದನ್ನು ಬಾಯಲ್ಲಿ ಹೇಳುವ ಬದಲು ಟೊಮೆಟೊ ಎಲೆ ಮಗುಚಿ ತೋರಿಸುತ್ತೇನೆ. ಮೇಲಿನಿಂದ ಎಲೆ ಹಸಿರಾಗಿ ಚೆನ್ನಾಗಿಯೇ ಇರುತ್ತದೆ. ಅಡಿಯಲ್ಲಿ ಬಿಳಿ ನೊಣ ಕೂತಿರುತ್ತವೆ, ಸಾಸಿವೆ ಕಾಳಿಗಿಂತ ಚಿಕ್ಕವು. ಗಿಡ ಅಲ್ಲಾಡಿಸಿದರೆ ಒಟ್ಟಿಗೆ ಎದ್ದು ಹಾರಿ, ಮತ್ತೆ ಅಲ್ಲೇ ಬಂದು ಕೂರುತ್ತವೆ. ಅವು ಒಂದಿಷ್ಟು ರಸ ಹೀರಿದರೆ ಗಿಡ ಹೇಗೋ ತಡೆದುಕೊಳ್ಳುತ್ತದೆ. ಆದರೆ ಅವು ಎಲೆ ಮುಟುರು ರೋಗದ ವೈರಸ್ ಹೊತ್ತು ತರುತ್ತವೆ. ಅದು ಹತ್ತಿದ ಗಿಡಕ್ಕೆ ಮದ್ದೇ ಇಲ್ಲ. ಎಳೇ ಗಿಡಕ್ಕೆ ಬಂದರಂತೂ ಎಲೆ ಮುದುಡಿ, ಗಿಡ ಗಿಡ್ಡಾಗಿ, ಕಾಯಿ ಕಟ್ಟುವುದೇ ಅಪರೂಪ. ಅದಕ್ಕೆ ಸಸಿಗಳನ್ನು ಸಣ್ಣ ಕಣ್ಣಿನ ಬಲೆಯೊಳಗೆ ಬೆಳೆಸುತ್ತೇನೆ. ಸಾಲುಗಳ ನಡುವೆ ಹಳದಿ ಅಂಟು ಹಾಳೆ ಕಟ್ಟುತ್ತೇನೆ, ಹಳದಿ ಕಂಡರೆ ಈ ನೊಣಕ್ಕೆ ಆಸೆ. ರೋಗ ಕಂಡ ಗಿಡ ಕಿತ್ತು ಹಾಕುತ್ತೇನೆ. ಇಷ್ಟೆಲ್ಲ ಮಾಡಿಯೂ ಕೈ ಮೀರಿದರೆ ಆಗ ಔಷಧಿ.

ಇಲ್ಲಿಂದ ಮುಂದಿನದ್ದು ಕೊಳ್ಳುವವರಿಗೆ ಯಾರೂ ಹೇಳದ ವಿಷಯ. ಟೊಮೆಟೊ ಹಣ್ಣಾಗಲು ಶುರುವಾದರೆ ಎರಡು ಮೂರು ದಿನಕ್ಕೊಮ್ಮೆ ಕೀಳಲೇಬೇಕು, ಬಿಟ್ಟರೆ ಮಾಗಿ ಉದುರುತ್ತದೆ. ಹೊಡೆದ ಮೇಲೆ ಎಷ್ಟು ದಿನ ಕೀಳಬಾರದು ಅಂತ ಔಷಧಿಯ ಲೇಬಲ್ಲಿನಲ್ಲಿ ಇರುತ್ತದೆ. ಕೆಲವಕ್ಕೆ ಒಂದೆರಡು ದಿನ, ಕೆಲವಕ್ಕೆ ವಾರ, ಅದಕ್ಕೂ ಜಾಸ್ತಿ. ವಾರ ಕಾಯಬೇಕಾದ ಔಷಧಿಯನ್ನು ಕೀಳುವ ಕಾಲದಲ್ಲಿ ಹೊಡೆದರೆ ಆ ವಾರದ ಹಣ್ಣೆಲ್ಲ ಮಣ್ಣುಪಾಲು. ಹಾಗಾಗಿ ಯಾವ ಔಷಧಿ ಅಂತ ತೀರ್ಮಾನ ಮಾಡುವಾಗ ಹುಳ ಯಾವುದು ಅಂತ ನೋಡಿದರೆ ಸಾಲದು, ಮುಂದಿನ ಕೊಯ್ಲು ಯಾವತ್ತು ಅಂತಲೂ ನೋಡಬೇಕು. ಇದನ್ನು ಹೇಳಿದಾಗ ಬಂದವರ ಮುಖ ಬದಲಾಗುತ್ತದೆ. ಸುಮ್ನೆ ಸುರಿಯುತ್ತಾರೆ ಅಂದುಕೊಂಡಿದ್ದವರಿಗೆ ಇದರಲ್ಲೂ ಒಂದು ಲೆಕ್ಕಾಚಾರ ಇದೆ ಅಂತ ಗೊತ್ತಾಗುತ್ತದೆ.

ಕಾಯಬೇಕಾದ ದಿನಗಳನ್ನು ಯಾರೋ ಬಾಯಿಗೆ ಬಂದ ಹಾಗೆ ಬರೆದದ್ದಲ್ಲ. ಹೊಲದಲ್ಲಿ ಹೊಡೆದು, ಹಣ್ಣಿನಲ್ಲಿ ಎಷ್ಟು ಉಳಿಯಿತು ಅಂತ ಅಳೆದು ಗೊತ್ತು ಮಾಡುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಎರಡೂ ಸೇರಿ 1963ರಲ್ಲಿ ಕೋಡೆಕ್ಸ್ ಆಯೋಗ ಶುರು ಮಾಡಿದವು. ಯಾವ ಆಹಾರದಲ್ಲಿ ಯಾವ ಔಷಧಿಯ ಉಳಿಕೆ ಎಷ್ಟರ ಮೇಲೆ ಇರಬಾರದು ಅಂತ ಆ ಆಯೋಗ ಮಿತಿ ಹಾಕುತ್ತದೆ. ಒಬ್ಬ ಮನುಷ್ಯ ದಿನಾ ತಿಂದರೂ ತೊಂದರೆಯಿಲ್ಲ ಅನ್ನುವ ಪ್ರಮಾಣವನ್ನು ಸಾಮಾನ್ಯವಾಗಿ, ಪ್ರಾಣಿಗಳಲ್ಲಿ ಕೆಟ್ಟ ಪರಿಣಾಮ ಕಾಣದ ಪ್ರಮಾಣಕ್ಕಿಂತ 100 ಪಟ್ಟು ಕೆಳಗೆ ಇಡುತ್ತಾರೆ. ಇದನ್ನೂ ಹೇಳುತ್ತೇನೆ. ಆದರೆ ಇಷ್ಟಕ್ಕೇ ನಿಲ್ಲಿಸುವುದಿಲ್ಲ. ಈ ಲೆಕ್ಕವೆಲ್ಲ ಸರಿಯಾಗಬೇಕಾದರೆ ರೈತರು ಅಷ್ಟು ದಿನ ಕಾಯಲೇಬೇಕು. ಕಾಯದೆ ಕಿತ್ತು ಕಳಿಸುವವರು ಇದ್ದಾರೆ. ಜನರ ಅನುಮಾನ ಇರುವುದೂ ಅಲ್ಲೇ. ಆ ಅನುಮಾನ ಸರಿಯಾದದ್ದೇ.

ಅದಕ್ಕೇ ನನ್ನ ನೋಟ್‌ಬುಕ್ಕನ್ನು ಅವರ ಕೈಗೇ ಕೊಡುತ್ತೇನೆ. ತಾರೀಖು, ಸಾಲು, ಔಷಧಿ ಹೆಸರು, ಎಷ್ಟು ನೀರಿಗೆ ಎಷ್ಟು, ಯಾವತ್ತಿನ ತನಕ ಕೀಳುವಂತಿಲ್ಲ. ಪಕ್ಕದಲ್ಲಿ "ಯಾಕೆ" ಅಂತ ಇನ್ನೊಂದು ಕಾಲಂ. ಅಲ್ಲಿ "ಬಿಳಿ ನೊಣ ಜಾಸ್ತಿ, ಮುಟುರು ಶುರು" ಅಂತಿರುತ್ತದೆ. "ಸಂಜೆ ಹೊಡೆದದ್ದು, ಜೇನು ಹೋದ ಮೇಲೆ" ಅಂತಲೂ ಇರುತ್ತದೆ. ಮೊದಲು ಆ ಕಾಲಂ ಇರಲಿಲ್ಲ. ಬಂದವರೆಲ್ಲ ಯಾಕೆ ಯಾಕೆ ಅಂತ ಕೇಳಿದ್ದರಿಂದ ಸೇರಿಸಿದೆ. ಈಗ ಅದು ನನಗೇ ಉಪಯೋಗಕ್ಕೆ ಬರುತ್ತಿದೆ. ಕಾರಣ ಬರೆಯಲು ಪೆನ್ ಹಿಡಿದಾಗ, ಇವತ್ತು ಹೊಡೆಯಲೇಬೇಕಾ ಅಂತ ಇನ್ನೊಮ್ಮೆ ಸಾಲಿಗೆ ಹೋಗಿ ನೋಡಿಕೊಂಡು ಬರುತ್ತೇನೆ.

"ಸಾವಯವ ಆದ್ರೆ ಏನೂ ಹೊಡೆಯಲ್ಲ ಅಲ್ವಾ?" ಅನ್ನುವುದು ಇನ್ನೊಂದು ಪ್ರಶ್ನೆ. ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು. ತಾಮ್ರ ಇರುವ ಇಂಥ ಔಷಧಿಗಳಿಗೆ ಸಾವಯವ ಕೃಷಿಯಲ್ಲಿ ಹಲವು ಕಡೆ ಮಿತಿಯೊಳಗೆ ಅನುಮತಿ ಇದೆ. ವರ್ಷಾನುಗಟ್ಟಲೆ ಹೊಡೆದರೆ ತಾಮ್ರ ಮಣ್ಣಿನಲ್ಲಿ ಸೇರಿಕೊಂಡು ಹೋಗುತ್ತದೆ. ಸಾವಯವ ಬೆಳೆಯುವವರ ಶ್ರಮದ ಮೇಲೆ ನನಗೆ ತುಂಬಾ ಗೌರವ ಇದೆ. ಅವರ ತೋಟಕ್ಕೆ ಹೋದಾಗಲೂ ಇದೇ ಪ್ರಶ್ನೆ ಕೇಳಿ, ಚೆನ್ನಾಗಿ ಮಾಡುವವರು ಖುಷಿಯಿಂದ ಹೇಳುತ್ತಾರೆ ಅನ್ನುತ್ತೇನೆ.

ಹಸುಗಳ ಹತ್ತಿರ ಬಂದರೆ ಮಾತು ಕಷ್ಟವಾಗುತ್ತದೆ. "ಹಾಲಿನಲ್ಲಿ ಆಂಟಿಬಯೋಟಿಕ್ ಇರುತ್ತಾ?" ಅನ್ನುವ ಪ್ರಶ್ನೆಗೆ ಉತ್ತರ ಕಣ್ಣೆದುರೇ ಇರುತ್ತದೆ. ಕೆಚ್ಚಲು ಬಾವು ಬಂದು ಔಷಧಿ ಕೊಟ್ಟ ಹಸುವಿನ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಿರುತ್ತೇನೆ. ಅದರ ಹಾಲನ್ನು ಕೊನೆಗೆ, ಬೇರೆ ಬಕೆಟ್ಟಿಗೆ ಕರೆದು ಚೆಲ್ಲುತ್ತೇವೆ. ಡಾಕ್ಟರು ಹೇಳಿದ ದಿನ ಮುಗಿಯುವ ತನಕ ಪಟ್ಟಿ ಬಿಚ್ಚುವುದಿಲ್ಲ. ಕಷ್ಟದ ಪ್ರಶ್ನೆ ಕರುವಿನದ್ದು. "ತಾಯಿ ಹತ್ತಿರ ಯಾಕೆ ಬಿಟ್ಟಿಲ್ಲ?" ಅಂತ ಮಕ್ಕಳು ಕೇಳುತ್ತಾರೆ. ಕರು ಹುಟ್ಟುವಾಗ ಅದರ ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗಿಣ್ಣು ಹಾಲಿನಿಂದಲೇ ಬರಬೇಕು, ಅದೂ ಮೊದಲ ಕೆಲವು ಗಂಟೆಗಳಲ್ಲಿ. ಒಂದು ದಿನ ಕಳೆದರೆ ಅದನ್ನು ಹೀರಿಕೊಳ್ಳುವ ಶಕ್ತಿ ಕರುಳಿಗೆ ಇರುವುದಿಲ್ಲ. ಬಾಟಲಿಯಲ್ಲಿ ಕುಡಿಸಿದರೆ ಎಷ್ಟು ಕುಡಿಯಿತು ಅಂತ ಖಾತ್ರಿಯಾಗುತ್ತದೆ. ಇದು ನಿಜವಾದ ಕಾರಣ, ಆದರೆ ಪೂರ್ತಿ ಕಾರಣ ಅಲ್ಲ. ಹಾಲು ಮಾರಿ ಬದುಕುವವರು ನಾವು, ಕರು ಕುಡಿದಷ್ಟೂ ಮಾರುವುದಕ್ಕೆ ಕಡಿಮೆ. ಅದನ್ನೂ ಆ ಮಕ್ಕಳಿಗೆ ಹೇಳುತ್ತೇನೆ. ಬೇರೆ ಮಾಡಿದ ದಿನ ತಾಯಿ ಕೂಗುತ್ತದೆ ಅಂತಲೂ ಹೇಳುತ್ತೇನೆ. ಇದನ್ನು ಕೇಳಿ ಹಾಲು ಬಿಟ್ಟವರೂ ಇದ್ದಾರೆ. ಅದು ಅವರ ತೀರ್ಮಾನ. ತಿಳಿದು ಮಾಡಿದ್ದಾರಲ್ಲ, ನನಗೆ ಬೇಜಾರಿಲ್ಲ. ಈಚೆಗೆ ಕರುವನ್ನು ಕೆಲವು ವಾರ ತಾಯಿ ಜೊತೆಗೇ ಬಿಟ್ಟು ಹಾಲು ಕರೆಯುವ ರೈತರೂ ಇದ್ದಾರೆ. ಒಂದು ಹಸುವಿನಿಂದ ಶುರು ಮಾಡಿ ನೋಡಬೇಕು ಅಂತ ನನಗೂ ಆಸೆಯಿದೆ.

ನಾನೂ ಬಂದವರನ್ನು ಕೇಳುತ್ತೇನೆ. ತೊಟ್ಟಿನ ಹತ್ತಿರ ಕಂದು ಗೆರೆ ಇರುವ ಒಂದು ಟೊಮೆಟೊ, ನುಣ್ಣಗೆ ಹೊಳೆಯುವ ಒಂದು ಟೊಮೆಟೊ ಕೈಗೆ ಕೊಟ್ಟು, "ಯಾವುದು ತಗೋತೀರಿ?" ಅಂತ. ಹೊಳೆಯುವುದನ್ನೇ ತಗೊಳ್ಳುತ್ತಾರೆ. ಆ ಗೆರೆ ಕಾಯಿ ಎಳೆಯದಾಗಿದ್ದಾಗ ಸಿಪ್ಪೆ ಸೀಳಿ ಒಣಗಿದ ಗುರುತು, ರುಚಿಗೆ ಏನೂ ಆಗಿಲ್ಲ. ಆದರೂ ಅಂಥ ಹಣ್ಣನ್ನು ಕೊಳ್ಳುವವರಿಲ್ಲ. ಹುಳ ಮುಟ್ಟಿದ ಒಂದು ಚುಕ್ಕೆಯೂ ಇರಬಾರದು, ಔಷಧಿಯೂ ಹೊಡೆಯಬಾರದು ಅಂದರೆ ನಾವು ಏನು ಮಾಡಬೇಕು ಹೇಳಿ ಅಂತ ಕೇಳುತ್ತೇನೆ. ನಿಜವಾಗಿಯೂ ಉತ್ತರ ಬೇಕು ಅಂತಲೇ ಕೇಳುವುದು. ಒಬ್ಬರು ಯೋಚನೆ ಮಾಡಿ, "ಗೆರೆ ಇರೋದನ್ನ ಬೇರೆ ಇಡಿ ಅಕ್ಕಾ, ಸಾರಿಗೆ ನಾನು ತಗೋತೀನಿ" ಅಂದರು. ಈಗ ಅಂಥ ಹಣ್ಣಿಗೆ ಬೇರೆ ಬುಟ್ಟಿಯೇ ಇದೆ.

ಇತ್ತೀಚೆಗೆ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಒಬ್ಬ ಹುಡುಗನದ್ದು. ಶೆಡ್ಡಿನಲ್ಲಿ ಸ್ಪ್ರೇಯರ್ ನೋಡುತ್ತಾ ನಿಂತಿದ್ದವನು, "ಖಾಲಿ ಡಬ್ಬಿ ಎಲ್ಲಿ ಬಿಸಾಕ್ತೀರಾ?" ಅಂದ. ಖಾಲಿಯಾದ ಡಬ್ಬಿಯನ್ನು ಮೂರು ಸಲ ತೊಳೆಯಬೇಕು, ತೊಳೆದ ನೀರನ್ನು ಸ್ಪ್ರೇಯರ್ ಟ್ಯಾಂಕಿಗೇ ಸುರಿದು ಅದೇ ಬೆಳೆಗೆ ಹೊಡೆಯಬೇಕು, ಯಾರೂ ನೀರು ತುಂಬಿಸಿಕೊಳ್ಳದ ಹಾಗೆ ಡಬ್ಬಿಗೆ ತೂತು ಮಾಡಿಡಬೇಕು ಅಂತ ತೋರಿಸಿದೆ. ತೂತು ಹಾಕಿದ್ದ ಒಂದು ಡಬ್ಬಿ ಎತ್ತಿ, ಬೆಳಕಿಗೆ ಹಿಡಿದು ನೋಡಿದ. "ಇದನ್ನೂ ನೋಟ್‌ಬುಕ್ಕಲ್ಲಿ ಬರೀತೀರಾ?" ಅಂತ ಕೇಳಿದ. ಬರೆಯುತ್ತಿರಲಿಲ್ಲ. ಈ ಸಲದ ಬೆಳೆಯಿಂದ ಅದಕ್ಕೂ ಒಂದು ಕಾಲಂ ಹಾಕಿದ್ದೇನೆ.