ಹೆಸರಿನ ಕಾಲಂ ಕೊನೆಗೆ ಹೋಯ್ತು

ಮೂಡಿಗೆರೆ ಹತ್ತಿರ ಚಿಕ್ಕಪ್ಪನ ಕಾಫಿ ತೋಟ. ಹಣ್ಣು ಕೊಯ್ಯುವ ಕಾಲದಲ್ಲಿ ಸಂಜೆ ತೂಕ ಹಾಕುವಾಗ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬೊಬ್ಬರ ಕೆಜಿಯನ್ನೂ ಪುಸ್ತಕದಲ್ಲಿ ಬರೆದುಕೊಂಡು, ರಾತ್ರಿ ಕೂತು ಮತ್ತೆ ಅದನ್ನೇ ಕೂಡಿಸುತ್ತಾರೆ. ಇದಕ್ಕೊಂದು ಪ್ರೋಗ್ರಾಂ ಮಾಡಿಕೊಡು ಅಂದರು ಚಿಕ್ಕಪ್ಪ. ಅಲ್ಲಿರುವುದು ಹಳೇ ಲ್ಯಾಪ್‌ಟಾಪ್, ಬ್ರೌಸರ್ ತೆರೆದರೆ ಸಾಕು, ಏದುಸಿರು ಬಿಡುತ್ತೆ. ಅದಕ್ಕೇ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿ, ಬರೀ ಅಕ್ಷರಗಳ ಪರದೆಯಾದ ಟರ್ಮಿನಲ್‌ನಲ್ಲೇ ನಡೆಯುವಂಥದ್ದು ಬರೆಯೋಣ ಅಂತ ತೀರ್ಮಾನಿಸಿದೆ. ಮೌಸ್ ಬೇಡ. ನಂಬರ್ ಒತ್ತಿ ಎಂಟರ್ ಹೊಡೆದರಾಯ್ತು.

ಒಂದು ಭಾನುವಾರ ಪೂರ್ತಿ ಲೈಬ್ರರಿ, ಅಂದರೆ ಪರದೆ ಕಟ್ಟಲು ಬೇಕಾದ ಸಿದ್ಧ ಕೋಡ್, ಆರಿಸುವುದರಲ್ಲೇ ಕಳೆಯಿತು. ಪೈಥಾನ್ ಭಾಷೆಯ ಜೊತೆಗೇ ಬರುವ ಕರ್ಸಸ್ ನೋಡಿದೆ. ಇದರ ಮೂಲ 1980ರ ಆಸುಪಾಸಿನದ್ದು, ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್‌ಗೆ ಬರೆದದ್ದು. ಹಗುರ, ಗಟ್ಟಿ. ಆದರೆ ಒಂದು ಇನ್‌ಪುಟ್ ಬಾಕ್ಸ್ ಬೇಕೆಂದರೂ ಹೆಚ್ಚಿನ ಕೆಲಸ ನಾವೇ ಮಾಡಿಕೊಳ್ಳಬೇಕು. ಪೈಥಾನಿನದೇ ಇನ್ನೊಂದು ಲೈಬ್ರರಿ ಟೆಕ್ಸ್ಚುಯಲ್ ನಿಜಕ್ಕೂ ಚಂದ, ಟೇಬಲ್, ಬಟನ್ ಎಲ್ಲಾ ಸಿದ್ಧವಾಗಿಯೇ ಸಿಗುತ್ತೆ, ಆದರೆ ಪೈಥಾನ್ ಪ್ಯಾಕೇಜುಗಳನ್ನೆಲ್ಲ ನೆಟ್‌ವರ್ಕ್ ಸಿಗದ ತೋಟದಲ್ಲಿ ಯಾರು ಅಪ್‌ಡೇಟ್ ಮಾಡುತ್ತಾ ಕೂರುತ್ತಾರೆ? ಗೋ ಭಾಷೆಯ ಬಬಲ್ ಟೀ ಲೈಬ್ರರಿಯಲ್ಲಿ ಬರೆದರೆ ಕೊನೆಗೆ ಕೈಗೆ ಬರುವುದು ಒಂದೇ ಫೈಲ್. ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕಬಹುದು.

ಕನ್ನಡ ಹೇಗೆ ಬರುತ್ತೆ ಅಂತ ನೋಡಲು ಮೂರರಲ್ಲೂ ಒಂದೇ ಟೇಬಲ್ ಬರೆದೆ: ನಂಬರ್, ಹೆಸರು, ಕೆಜಿ. ಹೆಸರಿನ ಜಾಗದಲ್ಲಿ 'ಲಕ್ಷ್ಮಿ' ಅಂತ ಹಾಕಿದೆ ನೋಡಿ, ಮೂರರಲ್ಲೂ ಪಕ್ಕದ ಗೆರೆ ಸೊಟ್ಟಗಾಯ್ತು. ನಮ್ಮ ಕಣ್ಣಿಗೆ ಅದು ಎರಡು ಅಕ್ಷರ, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 7 ಚಿಹ್ನೆ: ಲ, ಕ, ವಿರಾಮ (ಒತ್ತು ಕೂಡಿಸುವ '್' ಗುರುತು), ಷ, ಮತ್ತೆ ವಿರಾಮ, ಮ, ಗುಡಿಸು. ಟರ್ಮಿನಲ್ ಪರದೆ ಅಂದರೆ ಒಂದೇ ಅಳತೆಯ ಮನೆಗಳು. ಈ ಹೆಸರಿಗೆ ಎಷ್ಟು ಮನೆ ಬೇಕು ಅಂತ ಲೈಬ್ರರಿ ಒಂದು ಲೆಕ್ಕ ಹಾಕುತ್ತೆ, ಟರ್ಮಿನಲ್ ಇನ್ನೊಂದು ಲೆಕ್ಕ ಹಾಕುತ್ತೆ, ಫಾಂಟ್ ತನ್ನ ಪಾಡಿಗೆ ಒತ್ತಕ್ಷರವನ್ನು ಅಗಲಕ್ಕೆ ಬರೆದುಬಿಡುತ್ತೆ. ಇಷ್ಟು ವರ್ಷ ಆದಮೇಲೂ ಹೀಗೇ ಇದೆಯಲ್ಲ ಅಂತ ಬೇಜಾರಾಯ್ತು. ಹಾಗಂತ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹಾಕಲು ಮನಸ್ಸಿರಲಿಲ್ಲ. ಅವರವರ ಕೂಲಿಯ ಲೆಕ್ಕ ಅದು, ಅವರಿಗೇ ಓದಲು ಬರಬೇಕು ಅಲ್ವಾ?

ಕೊನೆಗೆ ಹೆಸರಿನ ಕಾಲಂ ಅನ್ನೇ ಬಲತುದಿಗೆ ಸರಿಸಿದೆ. ಮೊದಲು ನಂಬರ್, ಆಮೇಲೆ ಕೆಜಿ, ಆಮೇಲೆ ಹೆಸರು. ಅದರ ಬಲಕ್ಕೆ ಗೆರೆಯೇ ಇಲ್ಲದ ಮೇಲೆ ಸೊಟ್ಟಗಾಗುವುದೇನು?

ಬಬಲ್ ಟೀಯನ್ನೇ ಇಟ್ಟುಕೊಂಡೆ. ರೈಟರಣ್ಣನಿಗೆ ತೋರಿಸಿದಾಗ, "ಅಂಕಿ ದೊಡ್ಡದು ಮಾಡಪ್ಪ, ಸಂಜೆ ಹೊತ್ತು ಕಾಣಲ್ಲ" ಅಂದರು. ಟರ್ಮಿನಲ್‌ನಲ್ಲಿ ಒಂದು ಅಂಕಿಯನ್ನು ಮಾತ್ರ ದೊಡ್ಡದು ಮಾಡುವುದು ಸುಲಭ ಇಲ್ಲ, ಪೂರ್ತಿ ಫಾಂಟನ್ನೇ ದೊಡ್ಡದು ಮಾಡಿದೆ. ಆಗ ಪರದೆಯಲ್ಲಿ ಸಾಲುಗಳು ಕಮ್ಮಿಯಾದವು. ಅಳತೆ ಬದಲಾದಾಗ ಬಬಲ್ ಟೀ ಅದನ್ನೊಂದು ಮೆಸೇಜಾಗಿ ಕಳಿಸುತ್ತೆ. ಅದನ್ನು ಹಿಡಿದು, ಕೊನೆಯಲ್ಲಿ ತೂಕ ಹಾಕಿಸಿದವರ ಸಾಲುಗಳಷ್ಟೇ ಕಾಣುವ ಹಾಗೆ ಮಾಡಿಕೊಟ್ಟೆ. ಹಳೇ ಪುಸ್ತಕವನ್ನೂ ಈ ಸಲದ ಕೊಯ್ಲು ಮುಗಿಯುವವರೆಗೆ ಬರೆಯುತ್ತಾರಂತೆ, ಎರಡೂ ತಾಳೆ ನೋಡಬೇಕಲ್ಲ.